ಹೇಳಿಕೊಳ್ಳಲಾಗದ ರೋಗದ ಚರಿತ್ರೆ

ರೋಗಗಳಲ್ಲಿಯೂ ಮಾನವುಳ್ಳವು, ಮಾನವಿಲ್ಲದವು ಎಂಬ ಭೇದವುಂಟು. ಸಕ್ಕರೆ ಕಾಯಿಲೆಯವರು ಮದುವೆಯ ಪಂಕ್ತಿಯಲ್ಲಿ ಕುಳಿತು ತಮ್ಮ ರಕ್ತಪರೀಕ್ಷೆಯ ಅಂಕಿಗಳನ್ನು ಎದುರು ಸಾಲಿನವರಿಗೂ ಕೇಳಿಸುವಂತೆ ಹೇಳುತ್ತಾರೆ. ರಕ್ತದ ಒತ್ತಡವುಳ್ಳವರಿಗಂತೂ ಅದೊಂದು ಪದವಿಯೇ ಸರಿ. ಮೂಲವ್ಯಾಧಿಯವರು ಮಾತ್ರ ಕುರ್ಚಿಯ ಅಂಚಿನಲ್ಲಿ ಕುಳಿತು, ಕೇಳಿದವರಿಗೆ ಬೆನ್ನುನೋವೆಂದು ಸುಳ್ಳು ಹೇಳುತ್ತಾರೆ. ಬೆಳಗಿನ ಕಾಫಿಯೊಡನೆ ಈ ಪುಟವನ್ನು ಓದುವವರು ಕ್ಷಮಿಸಬೇಕು. ಆ ಸುಳ್ಳಿನಿಂದಾಗುವ ಹಾನಿ ದೊಡ್ಡದಾದ್ದರಿಂದ ಈ ರೋಗದ ಚರಿತ್ರೆಯನ್ನು ಒಮ್ಮೆ ಮುಚ್ಚುಮರೆಯಿಲ್ಲದೆ ಹೇಳಬೇಕೆನಿಸಿದೆ.

ನಮ್ಮ ಪ್ರಾಚೀನರಿಗೆ ಈ ಸಂಕೋಚ ಇರಲಿಲ್ಲ. 'ಅರಿ'ಯಂತೆ ಪ್ರಾಣವನ್ನು ಹಿಂಸಿಸುವುದರಿಂದ ಇದು ಅರ್ಶಸ್ಸು ಎಂದು ವೈದ್ಯಶಾಸ್ತ್ರದವರು ವ್ಯುತ್ಪತ್ತಿ ಹೇಳುತ್ತಾರೆ. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ 6ನೆಯ ಅಧ್ಯಾಯ ಇದಕ್ಕೇ ಮೀಸಲು. ಅಲ್ಲಿ ಹೇಳಿದ ಉಪಾಯಗಳು ನಾಲ್ಕು: ಔಷಧ, ಕ್ಷಾರ, ಅಗ್ನಿ, ಶಸ್ತ್ರ. ಹೊಸದಾಗಿ ತಲೆದೋರಿದ್ದಕ್ಕೆ ಔಷಧ. ಮೃದುವಾಗಿ ಹರಡಿ ಆಳಕ್ಕಿಳಿದದ್ದಕ್ಕೆ ಕ್ಷಾರ. ಒರಟಾಗಿ ಗಟ್ಟಿಯಾದದ್ದಕ್ಕೆ ಅಗ್ನಿ. ಬುಡ ಸಣ್ಣಗಿದ್ದು ಎದ್ದು ನಿಂತದ್ದಕ್ಕೆ ಶಸ್ತ್ರ.

ಕ್ಷಾರಪ್ರಯೋಗದ ವಿವರವಂತೂ ಕಣ್ಣಿಗೆ ಕಟ್ಟುವಂತಿದೆ. ರೋಗಿಯ ಮೈಯ ಮೇಲ್ಭಾಗವನ್ನು ಇನ್ನೊಬ್ಬರ ತೊಡೆಯ ಮೇಲೆ ಒರಗಿಸಿ, ಹಸುವಿನ ಮೊಲೆಯ ಆಕಾರದ ಯಂತ್ರವನ್ನು ಒಳಗಿರಿಸಿ, ಮೊಳಕೆಗೆ ಕ್ಷಾರವನ್ನು ಲೇಪಿಸಿ, ನೂರು ಅಕ್ಷರಗಳನ್ನು ಉಚ್ಚರಿಸುವಷ್ಟು ಹೊತ್ತು ಕಾಯಬೇಕು. ಮೊಳಕೆ ಕಳಿತ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತೆಂದರೆ ಸಾಕು; ಕೂಡಲೇ ಹುಳಿಗಂಜಿ, ಮೊಸರಿನ ತಿಳಿ ಮೊದಲಾದವುಗಳಿಂದ ತೊಳೆಯಬೇಕು. ಕ್ಷಾರದ ಉರಿಯನ್ನು ಹುಳಿ ಶಮನ ಮಾಡುತ್ತದೆ. ಒಂದು ಮೊಳಕೆಗೂ ಇನ್ನೊಂದಕ್ಕೂ ಏಳು ದಿನಗಳ ಅಂತರವಿರಬೇಕು. ತರಗತಿಯಲ್ಲಿ ಮಾತ್ರೆಗಳನ್ನೆಣಿಸಿ ಹೊಟ್ಟೆ ಹೊರೆಯುವ ನನ್ನಂಥವನಿಗೆ, ಅಕ್ಷರಗಳನ್ನೆಣಿಸಿ ರೋಗಿಯನ್ನು ಕಾಪಾಡಿದ ಆ ವೈದ್ಯನ ಮೇಲೆ ವಿಶೇಷವಾದ ಅಭಿಮಾನವಿದ್ದರೆ ಆಶ್ಚರ್ಯವಿಲ್ಲ.

ಚರಕನು ಇನ್ನೂ ಎಚ್ಚರದ ಮನುಷ್ಯ. ಕೊಯ್ಯುವುದು, ಸುಡುವುದು, ಕ್ಷಾರ ಹಚ್ಚುವುದು ಇವೆಲ್ಲ ಬಲ್ಲವರ ಕೈಯಲ್ಲಿ ನಡೆಯಬೇಕಾದ ಕೆಲಸಗಳೆಂದು ಹೇಳಿ, ತಪ್ಪಿದರೆ ಆಗುವ ಅನಾಹುತಗಳನ್ನು ಆತ ಪಟ್ಟಿ ಮಾಡುತ್ತಾನೆ: ಊತ, ದಾರುಣವಾದ ನೋವು, ಮಲಮೂತ್ರಗಳು ಕಟ್ಟಿಕೊಳ್ಳುವುದು, ಅತಿಯಾದ ರಕ್ತಸ್ರಾವ, ರೋಗ ಮತ್ತೆ ಚಿಗುರುವುದು, ಪುಂಸ್ತ್ವನಾಶ, ಕಡೆಗೆ ಮರಣ. ಆದ್ದರಿಂದ ಅವನ ಒಲವು ಔಷಧದ ಕಡೆಗೆ, ಅದರಲ್ಲಿಯೂ ಮಜ್ಜಿಗೆಯ ಕಡೆಗೆ. ನಮ್ಮ ಅಡುಗೆಮನೆಯ ಸುವರ್ಣಗೆಡ್ಡೆಗೆ ಸಂಸ್ಕೃತದಲ್ಲಿ 'ಅರ್ಶೋಘ್ನ' ಎಂಬ ಹೆಸರೇ ಉಂಟು.

ಗ್ರೀಸಿನಲ್ಲಿಯೂ ಉಪಾಯಗಳು ಬೇರೆಯಾಗಿರಲಿಲ್ಲ. ಹಿಪಾಕ್ರಟೀಸನ ಹೆಸರಿನಲ್ಲಿರುವ ಗ್ರಂಥಸಮುಚ್ಚಯದಲ್ಲಿ ಈ ರೋಗಕ್ಕೆಂದೇ ಒಂದು ಕಿರುಹೊತ್ತಗೆಯಿದೆ. ಕಾದ ಕಬ್ಬಿಣದಿಂದ ಸುಡುವಾಗ ರೋಗಿಯ ತಲೆಯನ್ನೂ ಕೈಗಳನ್ನೂ ಬಿಗಿಯಾಗಿ ಹಿಡಿದಿರಬೇಕು, ಆದರೆ ಅವನು ಕೂಗಿಕೊಳ್ಳಲಿ, ಕೂಗಿದಷ್ಟೂ ಮೊಳಕೆ ಹೊರಗೆ ಕಾಣಿಸುತ್ತದೆ ಎಂದು ಅದರ ಉಪದೇಶ. ನೋವನ್ನು ತಡೆಯುವ ಉಪಾಯವಿಲ್ಲದ ಕಾಲದಲ್ಲಿ ಕೂಗಾಟವೂ ಒಂದು ಉಪಕರಣವಾಗಿತ್ತು.

ಅಲ್ಲಿಂದ ಮುಂದೆ ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಕಟ್ಟುವುದು, ಸುಡುವುದು, ಕೊಯ್ಯುವುದು ಇಷ್ಟೇ ನಡೆದು ಬಂದಿತು. 1835ರಲ್ಲಿ ಫ್ರೆಡರಿಕ್ ಸಾಮನ್ ಎಂಬ ಶಸ್ತ್ರವೈದ್ಯನು ಲಂಡನ್ನಿನಲ್ಲಿ ಬಡವರಿಗಾಗಿ, ಈ ಭಾಗದ ರೋಗಗಳಿಗೆಂದೇ ಏಳು ಹಾಸಿಗೆಗಳ ಆಸ್ಪತ್ರೆಯೊಂದನ್ನು ತೆರೆದನು. ಅದೇ ಮುಂದೆ ಸೇಂಟ್ ಮಾರ್ಕ್ಸ್ ಎಂದು ಪ್ರಸಿದ್ಧವಾಯಿತು. ಕಾದಂಬರಿಕಾರ ಡಿಕನ್ಸ್ 1841ರಲ್ಲಿ ಭಗಂದರ ರೋಗಕ್ಕೆ ಕತ್ತಿಗೆ ಮೈಯೊಡ್ಡಿದ್ದು ಇದೇ ಸಾಮನ್ನನ ಮುಂದೆ, ಮಂಪರಿನ ಔಷಧವಿಲ್ಲದೆ. 1846ರಲ್ಲಿ ಈಥರ್ ಬಂದಿತು. 1867ರಲ್ಲಿ ಲಿಸ್ಟರನು ಗಾಯ ಕೀವಾಗದಂತೆ ಕಾಯುವ ವಿಧಾನವನ್ನು ಪ್ರಕಟಿಸಿದನು. ನೋವಿನ ಭಯವೂ ಕೀವಿನ ಭಯವೂ ತಗ್ಗಿದ ಮೇಲೆ ಕತ್ತಿಗೆ ಧೈರ್ಯ ಬಂದಿತು; ಕೆಲವೊಮ್ಮೆ ಅತಿಧೈರ್ಯವೂ ಬಂದಿತು. 1882ರಲ್ಲಿ ಮ್ಯಾಂಚೆಸ್ಟರಿನ ವೈಟ್‌ಹೆಡ್ ಎಂಬವನು ಒಳಪೊರೆಯನ್ನು ಸುತ್ತಲೂ ಕೊಯ್ದು ತೆಗೆಯುವ ಕ್ರಮವನ್ನು ರೂಢಿಗೆ ತಂದನು. ರೋಗ ಹೋಯಿತು, ಆದರೆ ಹಲವರಲ್ಲಿ ದ್ವಾರವೇ ಕಿರಿದಾಯಿತು, ಇನ್ನು ಕೆಲವರಲ್ಲಿ ಒಳಪೊರೆ ಹೊರಕ್ಕೆ ಬಂದು ಸದಾ ಒದ್ದೆಯಾಗಿರುವಂತಾಯಿತು. ಆ ವಿಕಾರಕ್ಕೆ ಅವನ ಹೆಸರೇ ಅಂಟಿಕೊಂಡಿತು.

ಇದೇ ಕಾಲದಲ್ಲಿ ಅಮೆರಿಕದಲ್ಲಿ ಇನ್ನೊಂದು ಕಥೆ ನಡೆಯಿತು. 1871ರಲ್ಲಿ ಮಿಚೆಲ್ ಎಂಬ ಇಲಿನಾಯ್ ಪ್ರಾಂತದ ವೈದ್ಯನು ಆಲಿವ್ ಎಣ್ಣೆಯಲ್ಲಿ ಕಾರ್ಬಾಲಿಕ್ ಆಮ್ಲವನ್ನು ಬೆರೆಸಿ ಮೊಳಕೆಗೆ ಚುಚ್ಚಲು ತೊಡಗಿದನು. ಈ ಗುಟ್ಟು ಮಾರಾಟವಾಗಿ ಊರೂರು ಅಲೆಯುವ ನಾಟಿ ಪಂಡಿತರ ಕೈ ಸೇರಿತು. ಕತ್ತಿಯಿಲ್ಲ, ನೋವಿಲ್ಲ ಎಂಬ ಅವರ ಘೋಷಣೆಗೆ ಜನ ಮುಗಿಬಿದ್ದರು. ಕೆಲವರು ಹುಣ್ಣಾಗಿ ನರಳಿದರು, ಕೆಲವರು ಸತ್ತರು. ನಾಚಿಕೆಪಡುವ ರೋಗಿಗೆ ಗುಟ್ಟಿನ ವೈದ್ಯನೇ ಆಪ್ತನೆಂದು ತೋರುವುದು ಸಹಜ. ನಮ್ಮ ಬಸ್‌ನಿಲ್ದಾಣಗಳ ಗೋಡೆಯ ಮೇಲೆ 'ಆಪರೇಷನ್ ಇಲ್ಲದೆ ಗುಣ' ಎಂದಿರುವ ಬರಹಗಳನ್ನು ಕಂಡಾಗಲೆಲ್ಲ ನನಗೆ ಆ ಅಲೆಮಾರಿಗಳ ನೆನಪಾಗುತ್ತದೆ.

ಇಪ್ಪತ್ತನೆಯ ಶತಮಾನದ ವಿವೇಕವೆಂದರೆ ಕಡಮೆ ಕೊಯ್ಯುವ ವಿವೇಕ. 1937ರಲ್ಲಿ ಸೇಂಟ್ ಮಾರ್ಕ್ಸಿನ ಮಿಲಿಗನ್ ಮತ್ತು ಮಾರ್ಗನ್ ಮೊಳಕೆಗಳನ್ನಷ್ಟೇ ತೆಗೆದು, ಗಾಯಗಳ ನಡುವೆ ಚರ್ಮದ ಪಟ್ಟಿಗಳನ್ನು ಉಳಿಸುವ ಕ್ರಮವನ್ನು ವಿವರಿಸಿದರು. ಹಾಗೆ ಉಳಿಸಿದ್ದರಿಂದ ದ್ವಾರ ಕುಗ್ಗುವ ಅಪಾಯ ತಗ್ಗಿತು. 1963ರಲ್ಲಿ ಬ್ಯಾರನ್ ಎಂಬವರು ಮೊಳಕೆಯ ಬುಡಕ್ಕೆ ಸಣ್ಣ ರಬ್ಬರು ಬಳೆಯನ್ನು ತೊಡಿಸುವ ವಿಧಾನವನ್ನು ಪ್ರಚಾರಕ್ಕೆ ತಂದರು. ರಕ್ತ ಸಿಗದೆ ಮೊಳಕೆ ಕೆಲವು ದಿನಗಳಲ್ಲಿ ಒಣಗಿ ಉದುರುತ್ತದೆ. 1975ರಲ್ಲಿ ಥಾಮ್ಸನ್ ಎಂಬವರು, ಇವು ಹೊಸದಾಗಿ ಹುಟ್ಟಿದ ಗೆಡ್ಡೆಗಳಲ್ಲ, ಎಲ್ಲರಲ್ಲಿಯೂ ಇರುವ ಮೆತ್ತೆಗಳೇ ಜಾರಿ ಊದಿಕೊಂಡವು ಎಂದು ತೋರಿಸಿದರು. 1998ರಲ್ಲಿ ಇಟಲಿಯ ಲೊಂಗೊ ಅವರ ಸ್ಟೇಪ್ಲರ್ ವಿಧಾನ ಬಂದಿತು. ಆಗ ನೋವು ಕಡಮೆಯೆಂದು ಅದಕ್ಕೆ ಹೆಸರಾಯಿತು. ಆದರೆ ಬ್ರಿಟನ್ನಿನಲ್ಲಿ 777 ರೋಗಿಗಳ ಮೇಲೆ ನಡೆಸಿ 2016ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಎರಡು ವರ್ಷಗಳ ಲೆಕ್ಕದಲ್ಲಿ ಹಳೆಯ ಕತ್ತಿಯೇ ಮೇಲಾಯಿತು. ಹೊಸತೆಲ್ಲ ಮೇಲಲ್ಲ.

ಆದರೂ ಚರಕನ ಪಟ್ಟಿ ಪೂರ್ತಿ ಅಳಿದಿಲ್ಲ. ಶಸ್ತ್ರಚಿಕಿತ್ಸೆಯಾದ ಮೇಲೆ ಕೆಲವು ವಾರಗಳ ನೋವುಂಟು. ರಕ್ತಸ್ರಾವ, ಮೂತ್ರ ಕಟ್ಟುವುದು, ಅಪರೂಪಕ್ಕೆ ದ್ವಾರ ಕಿರಿದಾಗುವುದು ಅಥವಾ ಹಿಡಿತ ತಪ್ಪುವುದೂ ಉಂಟು. ರಬ್ಬರು ಬಳೆ ತೊಡಿಸಿದ ಮೇಲೆ ನೋವು ಏರುತ್ತ ಹೋಗಿ, ಜ್ವರ ಬಂದು, ಮೂತ್ರ ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಹೆಚ್ಚಿನವರಿಗೆ ಇದಾವುದೂ ಬೇಕಾಗುವುದಿಲ್ಲ. ಸೊಪ್ಪು, ತರಕಾರಿ, ಬೇಕಾದಷ್ಟು ನೀರು, ಮುಕ್ಕದೆ ಬೇಗ ಎದ್ದು ಬರುವ ಅಭ್ಯಾಸ ಇಷ್ಟೇ ಸಾಕಾಗುತ್ತದೆ.

ಕಡೆಗೆ ನಮ್ಮ ಮನೆಯ ಮಾತೊಂದು. ನಮ್ಮ ಚಿಕ್ಕಪ್ಪ ಮಾಧ್ಯಮಿಕ ಶಾಲೆಯ ಮೇಷ್ಟರಾಗಿದ್ದರು. ಎರಡು ವರ್ಷ ರಕ್ತ ಹೋಗುತ್ತಿದ್ದರೂ ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸಿ, ಮಜ್ಜಿಗೆ ಕುಡಿದು ಸುಮ್ಮನಿದ್ದರು. ತೂಕ ಇಳಿದು ನಡೆಯಲಾರದಂತಾದಾಗ ಆಸ್ಪತ್ರೆಗೆ ಕರೆದೊಯ್ದೆವು. ಅದು ಮೂಲವ್ಯಾಧಿಯಾಗಿರಲಿಲ್ಲ; ಕರುಳಿನ ಕ್ಯಾನ್ಸರ್. ಮೊದಲೇ ಏಕೆ ಬರಲಿಲ್ಲವೆಂದು ವೈದ್ಯರು ಕೇಳಿದಾಗ ಚಿಕ್ಕಪ್ಪ ಚಿಕ್ಕಮ್ಮನ ಕಡೆ ನೋಡಿ, "ಇದನ್ನ ಯಾರ ಹತ್ತಿರ ಹೇಳೋದು?" ಎಂದರು. ನಲವತ್ತು ವರ್ಷ ಸಂಸಾರ ಮಾಡಿದ ಚಿಕ್ಕಮ್ಮ ಆ ಮಾತಿಗೆ ಏನೂ ಹೇಳಲಿಲ್ಲ.

ಸುಶ್ರುತನ ರೋಗಿ ಇನ್ನೊಬ್ಬರ ತೊಡೆಯ ಮೇಲೆ ಒರಗಿದ್ದನಷ್ಟೆ. ಅಷ್ಟು ಆಸರೆ ನಮ್ಮ ಚಿಕ್ಕಪ್ಪನಿಗೂ ಮನೆಯಲ್ಲೇ ಇತ್ತು. ಅವರು ಕೇಳಲಿಲ್ಲ, ನಾವು ವಿಚಾರಿಸಲಿಲ್ಲ.