ಟೈಪಿಸ್ಟ್‌ಗಳ ವೇಗ ತಗ್ಗಿಸಲೆಂದೇ ಕ್ವರ್ಟಿ ಕೀಲಿಮಣೆ ಮಾಡಿದರೇ? ಟೈಪ್‌ರೈಟರ್ ಒಳಗೆ ನಡೆಯುವುದೇನು?

ಕಂಪ್ಯೂಟರ್ ಅಥವಾ ಮೊಬೈಲಿನ ಇಂಗ್ಲಿಷ್ ಕೀಲಿಮಣೆಯಲ್ಲಿ ಅಕ್ಷರಗಳು ಎ, ಬಿ, ಸಿ ಎಂದು ಸಾಲಾಗಿ ಇರುವುದಿಲ್ಲ. ಮೇಲಿನ ಸಾಲು ಕ್ಯೂ, ಡಬ್ಲ್ಯು, ಇ, ಆರ್, ಟಿ, ವೈ ಎಂದು ಶುರುವಾಗುತ್ತದೆ. ಅದಕ್ಕೇ ಇದಕ್ಕೆ ‘ಕ್ವರ್ಟಿ’ ಎಂಬ ಹೆಸರು. ಇದರ ಬಗ್ಗೆ ಒಂದು ಕತೆಯನ್ನು ನೀವೂ ಕೇಳಿರಬಹುದು: ಹಳೆಯ ಟೈಪ್‌ರೈಟರ್‌ಗಳಲ್ಲಿ ಬೇಗ ಬೇಗ ಹೊಡೆದರೆ ಕಡ್ಡಿಗಳು ಸಿಕ್ಕಿಹಾಕಿಕೊಳ್ಳುತ್ತಿದ್ದವು, ಹಾಗಾಗಿ ಟೈಪಿಸ್ಟ್‌ಗಳು ನಿಧಾನವಾಗಲಿ ಎಂದು ಬೇಕೆಂದೇ ಅಕ್ಷರಗಳನ್ನು ಕಷ್ಟವಾಗುವಂತೆ ಜೋಡಿಸಿದರು. ಇದು ನಿಜವೇ? ಉತ್ತರ ಸಿಗಬೇಕಾದರೆ ಮೊದಲು ಯಂತ್ರದ ಮುಚ್ಚಳ ತೆಗೆದು ನೋಡಬೇಕು.

ಬೆರಳು ಒತ್ತಿದಾಗ ಏನಾಗುತ್ತದೆ?

ಪ್ರತಿ ಕೀ ಒಂದು ಸನ್ನೆಕೋಲಿನ ತುದಿ. ಅದನ್ನು ಒತ್ತಿದರೆ ನಡುವಿನ ತಂತಿ, ಕೊಂಡಿಗಳ ಮೂಲಕ ಎಳೆತ ದಾಟಿ, ಒಳಗೆ ಬುಟ್ಟಿಯಾಕಾರದಲ್ಲಿ ಮಲಗಿರುವ ಉದ್ದನೆಯ ಕಡ್ಡಿಗಳಲ್ಲಿ ಒಂದು ಚಟಕ್ಕನೆ ಮೇಲೇಳುತ್ತದೆ. ಕಡ್ಡಿಯ ತುದಿಯಲ್ಲಿ ಲೋಹದ ಅಚ್ಚು ಇರುತ್ತದೆ. ರಬ್ಬರ್ ಸ್ಟಾಂಪಿನಲ್ಲಿ ಇರುವಂತೆ ಅಕ್ಷರ ತಿರುವುಮುರುವಾಗಿ ಕೆತ್ತಿರುತ್ತದೆ. ನಮ್ಮ ಬೆರಳು ಇಳಿಯುವುದು ಒಂದೆರಡು ಸೆಂಟಿಮೀಟರ್ ಮಾತ್ರ. ಅಚ್ಚಿನ ತುದಿ ಅಷ್ಟೇ ಹೊತ್ತಿನಲ್ಲಿ ಅದರ ಹಲವು ಪಟ್ಟು ದೂರ ಸಾಗುವುದರಿಂದ ವೇಗ ಹೆಚ್ಚುತ್ತದೆ. ಅಚ್ಚು ತಲುಪುವ ಹೊತ್ತಿಗೆ ಶಾಯಿ ಹಚ್ಚಿದ ರಿಬ್ಬನ್ ಕಾಗದದ ಮುಂದೆ ಎದ್ದು ನಿಂತಿರುತ್ತದೆ. ಹಿಂದೆ ರಬ್ಬರ್ ರೋಲರ್, ಅದರ ಮೇಲೆ ಕಾಗದ. ಏಟು ಬಿದ್ದ ಜಾಗದಲ್ಲಿ ಅಕ್ಷರ ಮೂಡುತ್ತದೆ, ರಿಬ್ಬನ್ ತಕ್ಷಣ ಕೆಳಗಿಳಿದು ಟೈಪಿಸ್ಟ್‌ಗೆ ಅಕ್ಷರ ಕಾಣುತ್ತದೆ.

ಅಚ್ಚಿನ ಮೇಲೆ ಸಾಮಾನ್ಯವಾಗಿ ಎರಡು ಗುರುತು: ಒಂದು ಸಣ್ಣಕ್ಷರ, ಒಂದು ದೊಡ್ಡಕ್ಷರ. ಶಿಫ್ಟ್ ಕೀ ಒತ್ತಿದರೆ ರೋಲರ್ ಅಥವಾ ಕಡ್ಡಿಗಳ ಬುಟ್ಟಿ ತುಸು ಸರಿದು ಎರಡನೆಯ ಗುರುತು ಕಾಗದಕ್ಕೆ ತಾಗುತ್ತದೆ. ಕಂಪ್ಯೂಟರಿನಲ್ಲಿ ಏನೂ ಸರಿಯುವುದಿಲ್ಲ, ಆದರೂ ಹೆಸರು ಮಾತ್ರ ‘ಶಿಫ್ಟ್’ ಎಂದೇ ಉಳಿದಿದೆ. ಇನ್ನೊಂದು ಸ್ವಾರಸ್ಯ: ಕೀಗಳನ್ನು ಉಳಿಸಲು ಅನೇಕ ಯಂತ್ರಗಳಲ್ಲಿ 1 ಎಂಬ ಅಂಕಿಯೇ ಇರುತ್ತಿರಲಿಲ್ಲ. ಟೈಪಿಸ್ಟ್‌ಗಳು ಸಣ್ಣ ‘ಎಲ್’ ಅಕ್ಷರ ಹೊಡೆದು ಕೆಲಸ ಸಾಗಿಸುತ್ತಿದ್ದರು.

ಕಾಗದವನ್ನು ಮುಂದೆ ಸರಿಸುವುದು ಯಾರು?

ಹೆಚ್ಚಿನವರು ತಪ್ಪು ತಿಳಿಯುವುದು ಇಲ್ಲೇ. ಕೀ ಒತ್ತಿದ ಬಲದಿಂದಲೇ ಕಾಗದ ಹೊತ್ತ ಕ್ಯಾರೇಜ್ ಎಡಕ್ಕೆ ಸರಿಯುತ್ತದೆ ಎಂದು ನಮಗೆ ಅನ್ನಿಸುತ್ತದೆ. ಹಾಗಲ್ಲ. ಕ್ಯಾರೇಜನ್ನು ಒಂದು ಸುರುಳಿ ಸ್ಪ್ರಿಂಗ್ ಸದಾ ಎಡಕ್ಕೆ ಎಳೆಯುತ್ತಿರುತ್ತದೆ. ತಡೆಯಿಲ್ಲದಿದ್ದರೆ ಅದು ಒಂದೇ ಓಟಕ್ಕೆ ಕೊನೆ ಮುಟ್ಟಿಬಿಡುತ್ತದೆ. ಅದನ್ನು ಹಿಡಿದಿಡುವುದು ಒಂದು ಹಲ್ಲಿನ ಚಕ್ರ ಮತ್ತು ಎರಡು ಪುಟ್ಟ ಕೊಕ್ಕೆಗಳು. ಕೀ ಒತ್ತಿದಾಗ ಒಂದು ಕೊಕ್ಕೆ ಹಲ್ಲನ್ನು ಬಿಡುತ್ತದೆ, ಮತ್ತೊಂದು ಹಿಡಿಯುತ್ತದೆ. ಬೆರಳೆತ್ತಿದಾಗ ಕೊಕ್ಕೆಗಳು ಮತ್ತೆ ಅದಲುಬದಲಾಗಿ ಚಕ್ರ ಸರಿಯಾಗಿ ಒಂದು ಹಲ್ಲಿನಷ್ಟು ತಿರುಗುತ್ತದೆ, ಕ್ಯಾರೇಜ್ ಒಂದು ಅಕ್ಷರದಷ್ಟು ಸರಿಯುತ್ತದೆ. ಇದನ್ನು ಎಸ್ಕೇಪ್‌ಮೆಂಟ್ ಎನ್ನುತ್ತಾರೆ. ಲೋಲಕದ ಗಡಿಯಾರ ಟಿಕ್ ಟಿಕ್ ಎನ್ನುವುದೂ ಇದೇ ತತ್ವದಿಂದ.

ಹಾಗಾದರೆ ಸ್ಪ್ರಿಂಗಿಗೆ ಬಲ ಬಂದದ್ದು ಎಲ್ಲಿಂದ? ಸಾಲು ಮುಗಿಯುವ ಮುನ್ನ ‘ಟಿಣ್’ ಎಂದು ಗಂಟೆ ಬಾರಿಸಿದ ಮೇಲೆ ಟೈಪಿಸ್ಟ್ ಎಡಗಡೆಯ ಹಿಡಿಯಿಂದ ಕ್ಯಾರೇಜನ್ನು ಬಲಕ್ಕೆ ತಳ್ಳುತ್ತಾರಲ್ಲ, ಆಗಲೇ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ಅದೇ ಹಿಡಿ ರೋಲರನ್ನೂ ತಿರುಗಿಸಿ ಕಾಗದವನ್ನು ಮುಂದಿನ ಸಾಲಿಗೆ ತರುತ್ತದೆ. ಹೆಜ್ಜೆಯ ಅಳತೆ ಎಲ್ಲ ಅಕ್ಷರಕ್ಕೂ ಒಂದೇ. ಸಾಮಾನ್ಯವಾಗಿ ಒಂದು ಇಂಚಿಗೆ 10 ಅಥವಾ 12 ಅಕ್ಷರ. ಟೈಪ್ ಮಾಡಿದ ಪತ್ರದಲ್ಲಿ ತೆಳ್ಳನೆಯ ‘ಐ’ಗೂ ದಪ್ಪನೆಯ ‘ಎಂ’ಗೂ ಸಮನಾದ ಜಾಗ ಸಿಗುವುದು ಇದರಿಂದ.

ಕೆಲವು ಕೀಗಳನ್ನು ಮಾತ್ರ ಈ ಎಸ್ಕೇಪ್‌ಮೆಂಟ್‌ಗೆ ತಾಗದಂತೆ ಮಾಡಿರುತ್ತಾರೆ. ಒತ್ತಿದರೆ ಗುರುತು ಮೂಡುತ್ತದೆ, ಕ್ಯಾರೇಜ್ ಕದಲುವುದಿಲ್ಲ. ಮುಂದಿನ ಅಕ್ಷರ ಅದೇ ಜಾಗದಲ್ಲಿ ಬೀಳುತ್ತದೆ. ಫ್ರೆಂಚ್ ಭಾಷೆಯಲ್ಲಿ ಅಕ್ಷರದ ತಲೆಯ ಮೇಲಿನ ಚಿಹ್ನೆ ಬರೆಯಲು, ಭಾರತೀಯ ಲಿಪಿಗಳಲ್ಲಿ ಅಕ್ಷರಕ್ಕೆ ಚಿಹ್ನೆ ಅಂಟಿಸಲು ಈ ಉಪಾಯ ಬೇಕೇ ಬೇಕಾಯಿತು. 46 ಕೀಗಳಿದ್ದರೆ ಒಟ್ಟು 92 ಗುರುತುಗಳು ಮಾತ್ರ. ಕನ್ನಡದ ಕಾಗುಣಿತ, ಒತ್ತಕ್ಷರಗಳನ್ನೆಲ್ಲ ಲೆಕ್ಕ ಹಾಕಿದರೆ ಅದು ಯಾವ ಮೂಲೆಗೂ ಸಾಲದು. ಹಾಗಾಗಿ ಅಕ್ಷರವನ್ನು ತುಂಡು ತುಂಡಾಗಿ ಒಡೆದು, ಕಾಗದದ ಮೇಲೆ ಜೋಡಿಸಬೇಕಾಯಿತು. ಕನ್ನಡ ಬೆರಳಚ್ಚು ಯಂತ್ರದ ಕೀಲಿಮಣೆ ರೂಪಿಸಿದ ಅನಂತ ಸುಬ್ಬರಾಯರ ಹೆಸರನ್ನು ಇಲ್ಲಿ ನೆನೆಯಲೇಬೇಕು. ಇಂಗ್ಲಿಷ್ ಯಂತ್ರಕ್ಕಿಂತ ಇದು ಎಷ್ಟೋ ಕಠಿಣವಾದ ಲೆಕ್ಕ.

ಕಡ್ಡಿಗಳು ಸಿಕ್ಕಿಹಾಕಿಕೊಳ್ಳುವುದು ಯಾಕೆ?

ಎಲ್ಲ ಕಡ್ಡಿಗಳೂ ಬಂದು ಹೊಡೆಯಬೇಕಾದ ಜಾಗ ಒಂದೇ. ಮೊದಲನೆಯದು ವಾಪಸ್ ಮಲಗುವ ಮೊದಲೇ ಎರಡನೆಯದು ಎದ್ದರೆ ಎರಡೂ ಡಿಕ್ಕಿ ಹೊಡೆಯುತ್ತವೆ. ಬುಟ್ಟಿಯಲ್ಲಿ ದೂರ ದೂರ ಇರುವ ಕಡ್ಡಿಗಳಾದರೆ ಕೊನೆಯ ಕ್ಷಣದಲ್ಲಷ್ಟೇ ಎದುರಾಗುತ್ತವೆ. ಪಕ್ಕಪಕ್ಕದವಾದರೆ ದಾರಿಯುದ್ದಕ್ಕೂ ಒಂದನ್ನೊಂದು ಉಜ್ಜುವಷ್ಟು ಹತ್ತಿರ ಇರುತ್ತವೆ, ಸಿಕ್ಕಿಕೊಳ್ಳುವ ಸಂಭವ ಜಾಸ್ತಿ. ಟೈಪಿಂಗ್ ಕ್ಲಾಸಿನಲ್ಲಿ ಎ-ಎಸ್-ಡಿ-ಎಫ್-ಜಿ-ಎಫ್ ಹೊಡೆದು ಕಲಿತವರಿಗೆ ಸಿಕ್ಕಿದ ಕಡ್ಡಿಗಳನ್ನು ಬೆರಳಿನಿಂದ ಬಿಡಿಸಿ ಮಸಿ ಮಾಡಿಕೊಂಡದ್ದು ನೆನಪಿರುತ್ತದೆ. ಅಂದರೆ ಕತೆಯ ಈ ಭಾಗ ನಿಜ.

ಆದರೆ ಮುಂದಿನ ಭಾಗ ತಲೆಕೆಳಗು. ಜೊತೆಯಾಗಿ ಬರುವ ಅಕ್ಷರಗಳ ಕಡ್ಡಿಗಳನ್ನು ದೂರ ಇಟ್ಟರೆ ಡಿಕ್ಕಿ ಕಡಿಮೆಯಾಗಿ, ಟೈಪಿಸ್ಟ್ ಇನ್ನೂ ವೇಗವಾಗಿ ಹೊಡೆಯಬಹುದು. ಡಿಕ್ಕಿ ತಪ್ಪಿಸುವುದಕ್ಕೂ ಬೆರಳನ್ನು ನಿಧಾನ ಮಾಡುವುದಕ್ಕೂ ಸಂಬಂಧವಿಲ್ಲ.

ಕಾಲವೂ ಕತೆಗೆ ಹೊಂದುವುದಿಲ್ಲ. ಅಮೆರಿಕದ ಮಿಲ್ವಾಕಿಯ ಕ್ರಿಸ್ಟೋಫರ್ ಶೋಲ್ಸ್ ಮತ್ತು ಸಂಗಡಿಗರಿಗೆ ಟೈಪ್‌ರೈಟರ್ ಪೇಟೆಂಟ್ ಸಿಕ್ಕಿದ್ದು 1868ರಲ್ಲಿ. ರೆಮಿಂಗ್ಟನ್ ಕಂಪನಿ ತಯಾರಿಸಿದ ಆ ಯಂತ್ರ 1874ರಲ್ಲಿ ಮಾರುಕಟ್ಟೆಗೆ ಬಂತು. ಅದರಲ್ಲಿ ದೊಡ್ಡಕ್ಷರ ಮಾತ್ರ ಇತ್ತು, ಅಚ್ಚು ರೋಲರಿನ ಕೆಳಗಿನಿಂದ ಹೊಡೆಯುತ್ತಿದ್ದುದರಿಂದ ಟೈಪ್ ಮಾಡುತ್ತಿರುವುದು ಕಣ್ಣಿಗೂ ಕಾಣುತ್ತಿರಲಿಲ್ಲ. ಕೀಲಿಮಣೆ ನೋಡದೆ ಹತ್ತು ಬೆರಳಿನಲ್ಲಿ ಹೊಡೆಯುವ ಪದ್ಧತಿ ಆಗಿನ್ನೂ ಹುಟ್ಟಿರಲಿಲ್ಲ. ಅದು ಹೆಸರುವಾಸಿಯಾದದ್ದು 1888ರಲ್ಲಿ ಸಿನ್ಸಿನಾಟಿಯ ಸ್ಪರ್ಧೆಯೊಂದರಲ್ಲಿ ಫ್ರಾಂಕ್ ಮೆಕ್‌ಗರಿನ್ ಗೆದ್ದ ಮೇಲೆ. ಅವರು ಗೆದ್ದದ್ದೂ ರೆಮಿಂಗ್ಟನ್ ಯಂತ್ರದಲ್ಲೇ. ಇಲ್ಲದ ವೇಗವನ್ನು ತಗ್ಗಿಸಲು ಯಾರೂ ಹೊರಡುವುದಿಲ್ಲ.

ಹಾಗಾದರೆ ಈ ಜೋಡಣೆ ಬಂದದ್ದು ಎಲ್ಲಿಂದ? ಮೊದಲು ಅಕ್ಷರಮಾಲೆಯ ಕ್ರಮವೇ ಇತ್ತು. ನಡುಸಾಲಿನ ಡಿ, ಎಫ್, ಜಿ, ಎಚ್, ಜೆ, ಕೆ, ಎಲ್ ಅದರ ಪಳೆಯುಳಿಕೆ. ಆಮೇಲೆ ಹಲವು ಸಲ ಬದಲಾಯಿತು. ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಯಾಸುಒಕಾ ಸಂಶೋಧಕರು 2011ರಲ್ಲಿ ಬರೆದ ಪ್ರಬಂಧದಲ್ಲಿ, ಮೋರ್ಸ್ ಸಂದೇಶ ಕೇಳಿ ಬರೆದುಕೊಳ್ಳುತ್ತಿದ್ದ ಟೆಲಿಗ್ರಾಫ್ ನೌಕರರ ಅನುಕೂಲ ಈ ಬದಲಾವಣೆಗಳ ಹಿಂದಿದೆ ಎಂದು ವಾದಿಸಿದ್ದಾರೆ. ಇದನ್ನು ಎಲ್ಲರೂ ಒಪ್ಪಿಲ್ಲ. ನಮ್ಮ ಪ್ರಕಾರ ಡಿಕ್ಕಿ ತಪ್ಪಿಸುವ ಯೋಚನೆಯೂ ಸ್ವಲ್ಪ ಇದ್ದಿರಬಹುದು. ಆದರೆ ‘ನಿಧಾನ ಮಾಡಲೆಂದೇ’ ಎಂಬುದಕ್ಕೆ ಆಧಾರವಿಲ್ಲ.

1936ರಲ್ಲಿ ಆಗಸ್ಟ್ ಡ್ವೊರಾಕ್ ಬೇರೊಂದು ಜೋಡಣೆಗೆ ಪೇಟೆಂಟ್ ಪಡೆದರು, ಅದು ಬಳಕೆಗೆ ಹೆಚ್ಚು ಬರಲಿಲ್ಲ. 1961ರಲ್ಲಿ ಐಬಿಎಂ ತಂದ ಸೆಲೆಕ್ಟ್ರಿಕ್ ಯಂತ್ರದಲ್ಲಿ ಕಡ್ಡಿಗಳೇ ಇರಲಿಲ್ಲ. ಗಾಲ್ಫ್ ಚೆಂಡಿನಂಥ ಒಂದು ಗುಂಡು ತಿರುಗಿ ಅಕ್ಷರ ಒತ್ತುತ್ತಿತ್ತು, ಸಿಕ್ಕಿಹಾಕಿಕೊಳ್ಳುವ ಮಾತೇ ಇಲ್ಲ. ಆದರೂ ಅದರ ಕೀಲಿಮಣೆ ಕ್ವರ್ಟಿಯೇ ಆಗಿತ್ತು, ಏಕೆಂದರೆ ಅಷ್ಟರಲ್ಲಿ ಲಕ್ಷಾಂತರ ಬೆರಳುಗಳು ಅದನ್ನೇ ಕಲಿತಿದ್ದವು.