ಶ್ರೀರಂಗಪಟ್ಟಣ: ಬಸದಿಗಳ ಕಲ್ಲು

ಕಾವೇರಿಯ ನಡುಗಡ್ಡೆಯಾದ ಶ್ರೀರಂಗಪಟ್ಟಣಕ್ಕೆ ಬರುವವರು 1784ರ ದರಿಯಾ ದೌಲತ್ ಅರಮನೆಯ ವಸ್ತುಸಂಗ್ರಹಾಲಯವನ್ನೂ ಗುಂಬಜನ್ನೂ ನೋಡಿ, 1799ರ ಯುದ್ಧವನ್ನು ನೆನೆದು ಮರಳುತ್ತಾರೆ. ಜೈನ ಇತಿಹಾಸದ ಅಭ್ಯಾಸಿಗೆ ಇನ್ನೂ ಹಿಂದಿನ ಸಂಗತಿಯೊಂದು ಮುಖ್ಯ. ನಾಗಮಂಗಲದ ಪ್ರಭು ತಿಮ್ಮಣ್ಣನು 1454ರಲ್ಲಿ ವಿಜಯನಗರದ ಅನುಮತಿ ಪಡೆದು ಇಲ್ಲಿ ಕೋಟೆ ಕಟ್ಟಿಸಿದನೆಂದೂ, ಶ್ರೀರಂಗನಾಥ ದೇವಾಲಯವನ್ನು ವಿಸ್ತರಿಸಲು ಸಮೀಪದ ಕಳಸವಾಡಿಯ 101 ಬಸದಿಗಳನ್ನು ಕೆಡವಿ ಸಾಮಗ್ರಿ ತರಿಸಿದನೆಂದೂ ಬಿ. ಎಲ್. ರೈಸ್ ಮೈಸೂರು ಗ್ಯಾಸೆಟಿಯರಿನಲ್ಲಿ ದಾಖಲಿಸಿದ್ದಾರೆ. 101 ಎಂಬುದು ಎಣಿಕೆಗಿಂತ ಐತಿಹ್ಯದ ಸಂಖ್ಯೆಯಂತೆ ತೋರುತ್ತದೆ. ಹಾಗೆಂದು ಸಂಗತಿಯನ್ನೇ ತಳ್ಳಿಹಾಕಲಾಗದು. ಮುಂದೆ ಇದೇ ನಡುಗಡ್ಡೆಯಿಂದ ಆಳಿದ ಚಿಕ್ಕದೇವರಾಜ ಒಡೆಯರಿಗೆ (1673–1704) ಪ್ರಧಾನಿಯಾಗಿದ್ದವನು ಜೈನನಾದ ವಿಶಾಲಾಕ್ಷ ಪಂಡಿತ. ಊರಿನ ಆದಿನಾಥ ಬಸದಿಯೂ ಉಳಿದಿದೆ. ಅದರ ಕಂಬ, ಅಧಿಷ್ಠಾನಗಳನ್ನು ಕಂಡ ಕಣ್ಣಿನಿಂದಲೇ ರಂಗನಾಥ ದೇವಾಲಯದ ವಿಸ್ತರಿತ ಭಾಗಗಳನ್ನು ನೋಡಬೇಕು; ರೈಸರ ಮಾತನ್ನು ಒರೆಗೆ ಹಚ್ಚಬೇಕಾದುದು ಆ ಕಲ್ಲುಗಳ ಮೇಲೆಯೇ.