ಕಾರ್ಡ್ ಯಂತ್ರದ ಅಂಗರಚನೆ ಬೆಳೆದುಬಂದ ಬಗೆ

ಮಾಗಡಿ ರಸ್ತೆಯ ಆಸುಪಾಸಿನ ಶ್ರೀಗಂಧದ ಕಾವಲ್, ಸುಂಕದಕಟ್ಟೆ, ಹೇರೋಹಳ್ಳಿಗಳ ಔಷಧಿ ಅಂಗಡಿ, ಪೆಟ್ರೋಲ್ ಬಂಕ್‌ಗಳಲ್ಲಿ ‘ಸ್ವೈಪಿಂಗ್ ಮಷೀನ್’ ಎಂದೇ ರೂಢಿಯಲ್ಲಿರುವ ಕಾರ್ಡ್ ಯಂತ್ರವು, ಒಂದು ಕಾಲದ ಕೊರತೆಯನ್ನು ಮುಂದಿನ ಕಾಲದ ಒಂದು ಭಾಗ ತುಂಬಿಕೊಡುತ್ತ ಹೋದಂತೆ ಈಗಿನ ರೂಪಕ್ಕೆ ಬಂದ ಉಪಕರಣವಾಗಿದೆ.

ಬೆಂಗಳೂರಿನಲ್ಲಿ ಪ್ರಧಾನ ಕಚೇರಿ ಹೊಂದಿರುವ ಕೆನರಾ ಬ್ಯಾಂಕ್ 1980ರ ದಶಕದಲ್ಲಿ ‘ಕ್ಯಾನ್‌ಕಾರ್ಡ್’ ಹೊರತಂದಾಗ, ಕಾರ್ಡ್ ವ್ಯವಹಾರಕ್ಕೆ ಬಳಕೆಯಲ್ಲಿದ್ದುದು ವಿದ್ಯುತ್ತಿನ ಹಂಗಿಲ್ಲದ ಅಚ್ಚಿನ ಯಂತ್ರ. ಕಾರ್ಡಿನ ಉಬ್ಬು ಅಂಕಿಗಳ ಮೇಲೆ ಕಾರ್ಬನ್ ಚೀಟಿಯನ್ನಿಟ್ಟು ಉರುಳೆಯನ್ನು ಎಳೆದರೆ ಸಂಖ್ಯೆ ಮೂಡುತ್ತಿತ್ತು. ಗ್ರಾಹಕನ ಸಹಿಯನ್ನು ಹೋಲಿಸಿ ನೋಡುವ ಹೊಣೆ ಅಂಗಡಿಯವನದಾಗಿತ್ತು.

ಈ ನಿಧಾನಗತಿಯನ್ನು ನೀಗಿಸಿದ್ದು ಕಾಂತಪಟ್ಟಿ, ಅಂದರೆ ಕಾರ್ಡಿನ ಹಿಂಬದಿಯಲ್ಲಿ ಮಾಹಿತಿಯನ್ನು ಹೊತ್ತ ಕಪ್ಪು ಪಟ್ಟಿ. 1960ರ ದಶಕದಲ್ಲಿ ಐಬಿಎಂ ಸಂಸ್ಥೆಯಲ್ಲಿ ರೂಪುಗೊಂಡ ಈ ತಂತ್ರವನ್ನು ಓದಲು ಯಂತ್ರದ ಬದಿಗೆ ಸೀಳುಗಂಡಿಯೂ, ಬ್ಯಾಂಕಿನ ಒಪ್ಪಿಗೆ ಪಡೆಯಲು ದೂರವಾಣಿ ತಂತಿಗೆ ಜೋಡಿಸಿದ ಮೋಡೆಮ್ ಕೂಡ ಸೇರಿದವು. ಆದರೆ ಪಟ್ಟಿಯ ಮಾಹಿತಿ ಬದಲಾಗದೆ ಇರುವುದರಿಂದ ಅದನ್ನು ಕದ್ದು ನಕಲಿ ಕಾರ್ಡ್ ಮಾಡುವುದು ಸುಲಭವಾಯಿತು.

ಇದಕ್ಕೆ ಪರಿಹಾರವಾಗಿ ಬಂದ ಚಿಪ್, ಪ್ರತಿ ವ್ಯವಹಾರಕ್ಕೂ ಹೊಸ ಗೂಢಸಂಕೇತವನ್ನು ತಾನೇ ಸೃಷ್ಟಿಸುವ ಪುಟ್ಟ ಗಣಕ. ಯಂತ್ರದ ಗಂಡಿಯೊಳಗಿನ ಲೋಹದ ಕಡ್ಡಿಗಳು ಅದಕ್ಕೆ ವಿದ್ಯುತ್ತನ್ನು ನೀಡಿ ಮಾತುಕತೆ ನಡೆಸುತ್ತವೆ. ಭಾರತೀಯ ರಿಸರ್ವ್ ಬ್ಯಾಂಕ್ 2013ರ ಡಿಸೆಂಬರ್‌ನಿಂದ ಅಂಗಡಿಗಳಲ್ಲಿ ಡೆಬಿಟ್ ಕಾರ್ಡ್ ಬಳಕೆಗೆ ಪಿನ್ ಕಡ್ಡಾಯಗೊಳಿಸಿ, ಬರಿಯ ಕಾಂತಪಟ್ಟಿಯ ಕಾರ್ಡ್‌ಗಳನ್ನು ಚಿಪ್‌ಗೆ ಬದಲಿಸಲು 2018ರ ಡಿಸೆಂಬರ್ 31ರ ಗಡುವು ನೀಡಿತು. ಹೀಗಾಗಿ ಅಂಕಿಫಲಕವೇ ಯಂತ್ರದ ಅತಿ ಸೂಕ್ಷ್ಮ ಭಾಗವಾಯಿತು. ಒತ್ತಿದ ಪಿನ್ ಯಂತ್ರದೊಳಗೇ ಗೂಢಲಿಪಿಗೆ ತಿರುಗುತ್ತದೆ. ಯಾರಾದರೂ ಕವಚ ಬಿಚ್ಚಲೆತ್ನಿಸಿದರೆ ಒಳಗಿನ ಸ್ವಿಚ್‌ಗಳು ಅದನ್ನರಿತು ರಹಸ್ಯ ಕೀಲಿಗಳನ್ನು ಅಳಿಸಿಹಾಕುತ್ತವೆ, ಮತ್ತು ಯಂತ್ರ ಆರಿಸಿದ್ದಾಗಲೂ ಈ ಕಾವಲು ನಿಲ್ಲದಂತೆ ಪ್ರತ್ಯೇಕ ಪುಟ್ಟ ಬ್ಯಾಟರಿಯೊಂದು ಒಳಗಿರುತ್ತದೆ.

ಮುಂದಿನ ಸೇರ್ಪಡೆಯಾದ ಆಂಟೆನಾ 13.56 ಮೆಗಾಹರ್ಟ್ಸ್ ಕಂಪನಾಂಕದಲ್ಲಿ, ಕೆಲವೇ ಸೆಂಟಿಮೀಟರ್ ಅಂತರದಿಂದ ಕಾರ್ಡನ್ನು ಓದುತ್ತದೆ. ಪಿನ್ ಇಲ್ಲದ ಇಂತಹ ಪಾವತಿಯ ಮಿತಿ 2021ರ ಜನವರಿ 1ರಿಂದ ₹2,000ದಿಂದ ₹5,000ಕ್ಕೆ ಏರಿತು. 2023ರಲ್ಲಿ ನಮ್ಮ ಮೆಟ್ರೋ ಕೂಡ ಇದೇ ತತ್ತ್ವದ ರಾಷ್ಟ್ರೀಯ ಸಂಚಾರ ಕಾರ್ಡನ್ನು ಬಳಕೆಗೆ ತಂದಿತು.

ತಂತಿಯ ಬದಲು ಸಿಮ್, ಶಾಯಿ ಬೇಡದೆ ಶಾಖದಿಂದ ರಸೀದಿ ಮೂಡಿಸುವ ಮುದ್ರಕ, ಮರುಪೂರಣದ ಬ್ಯಾಟರಿ ಸೇರಿ ಯಂತ್ರ ಅಂಗೈಗಿಳಿಯಿತು. 2011ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಈಜ್‌ಟ್ಯಾಪ್, ಮೊಬೈಲ್ ಫೋನಿಗೆ ಜೋಡಿಸುವ ಓದುಗಸಾಧನದ ಮೂಲಕ ಸಣ್ಣ ವ್ಯಾಪಾರಿಗಳಿಗೂ ಈ ಸೌಲಭ್ಯವನ್ನು ತಲುಪಿಸಲು ಮುಂದಾಯಿತು.

ಹಿಂದೆ ಅಂಗಡಿಯವನ ಕಣ್ಣಿನ ಮೇಲಿದ್ದ ಭಾರವನ್ನು ಈಗ ಚಿಪ್ಪೂ ಅಂಕಿಫಲಕವೂ ಹೊತ್ತಿವೆ. ಆದರೂ ಬೇರೆಯವರಿಗೆ ಹೇಳಿಬಿಟ್ಟ ಪಿನ್ನನ್ನು ಯಾವ ಭಾಗವೂ ಕಾಪಾಡಲಾರದು. ಆದ್ದರಿಂದ ಪರದೆಯ ಮೇಲಿನ ಮೊತ್ತವನ್ನು ಓದಿ, ಕೈ ಮರೆಮಾಡಿ, ಪಿನ್ನನ್ನು ಸ್ವತಃ ಒತ್ತುವುದು ಪ್ರತಿಯೊಬ್ಬ ಗ್ರಾಹಕನ ಕರ್ತವ್ಯವಾಗಿದೆ.